ಲೆಕ್ಕಕ್ಕೆ ಸಿಕ್ಕದ ಗಾಳಿ

ಅಂತರ್ದಹನ ಯಂತ್ರವೆಂಬುದು ಹುಟ್ಟಿನಿಂದಲೇ ದುಂದುಗಾರ. ತನ್ನ ಸಿಲಿಂಡರುಗಳೊಳಗೆ ಸುಟ್ಟ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನಷ್ಟೇ ಅದು ಕೆಲಸಕ್ಕೆ ಒಪ್ಪಿಸಿ, ಮತ್ತೊಂದು ಪಾಲನ್ನು ರೇಡಿಯೇಟರಿನ ನೀರಿಗೆ ಚೆಲ್ಲಿ, ಉಳಿದುದನ್ನು ಹೊಗೆಯ ಕೊಳವೆಯ ಮೂಲಕ ಬೀದಿಗೆ ಉಗುಳಿಬಿಡುತ್ತದೆ. ಹೀಗೆ ಹೊರಬೀಳುವ ದಗ್ಧಾನಿಲದಲ್ಲಿ ಶಾಖವೂ ಉಂಟು, ವೇಗವೂ ಉಂಟು. ಅದನ್ನು ವ್ಯರ್ಥವಾಗಿ ಹೋಗಗೊಡದೆ ಒಂದು ಪುಟ್ಟ ಟರ್ಬೈನಿನ ಅಲಗುಗಳ ಮೇಲೆ ಹಾಯಿಸಿ, ಆ ಟರ್ಬೈನಿನ ಅಚ್ಚಿನ ಇನ್ನೊಂದು ತುದಿಗೆ ಹೊರಗಿನ ಗಾಳಿಯನ್ನು ಒತ್ತಿ ತುಂಬತಕ್ಕ ಚಕ್ರವೊಂದನ್ನು ಕೂಡಿಸಿದರೆ, ಎಂಜಿನು ತಾನು ಬಿಟ್ಟ ಉಸಿರಿನ ಬಲದಿಂದಲೇ ತಾನು ಸೆಳೆವ ಉಸಿರನ್ನು ಹೆಚ್ಚಿಸಿಕೊಳ್ಳಬಲ್ಲುದೆಂಬ ಆಲೋಚನೆ ಸ್ವಿಟ್ಜರ್ಲೆಂಡಿನ ವಿಂಟರ್ಟೂರ್ ಪಟ್ಟಣದ ಆಲ್‌ಫ್ರೆಡ್ ಬ್ಯೂಖಿ ಎಂಬ ತರುಣ ಎಂಜಿನಿಯರನಿಗೆ ಹೊಳೆಯಿತು. 1879ರಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಯಂತ್ರವಿದ್ಯೆಯನ್ನು ಕಲಿತ ಈತನು ಈ ಕುರಿತ ತನ್ನ ಪೇಟೆಂಟನ್ನು 1905ರ ನವೆಂಬರಿನಲ್ಲಿ ದಾಖಲಿಸಿದನು. ಇಂದು ನಮ್ಮ ಬೀದಿಗಳಲ್ಲಿ ಒಂದು ಲೀಟರಿನ ಎಂಜಿನು ಹೊತ್ತು ಐದು ಜನರನ್ನು ಕೂರಿಸಿಕೊಂಡು ಸಲೀಸಾಗಿ ಘಾಟಿ ಏರುವ ಕಾರುಗಳೆಲ್ಲವೂ ಆ ಒಂದು ಕಾಗದದ ಸಂತತಿಯೇ.

ಆದರೆ ಕಾಗದಕ್ಕೂ ಕಾರಿಗೂ ನಡುವೆ ಒಂದು ಶತಮಾನವೇ ಕಳೆಯಿತು. ಈ ವಿಳಂಬಕ್ಕೆ ಲೋಹದ ದೌರ್ಬಲ್ಯ, ಶಾಖದ ಉಪದ್ರವ ಮೊದಲಾದ ಕಾರಣಗಳು ಇದ್ದುವು, ನಿಜ. ಅವುಗಳನ್ನು ಎಂಜಿನಿಯರುಗಳು ಒಂದೊಂದಾಗಿ ಗೆದ್ದರು. ನನಗೆ ಅದಕ್ಕಿಂತ ಕುತೂಹಲಕರವಾಗಿ ತೋರುವ ಸಂಗತಿ ಬೇರೊಂದುಂಟು. ಟರ್ಬೊ ಎಂದು ಹೆಸರಾದ ಈ ಸಾಧನವನ್ನು ಸಣ್ಣ ಎಂಜಿನಿಗೆ ಜೋಡಿಸುವ ಪದ್ಧತಿ ಎಲ್ಲೆಲ್ಲಿ ಬೇರೂರಿತೋ ಅಲ್ಲೆಲ್ಲ ಅದರ ಹಿಂದೆ ಒಬ್ಬ ಸುಂಕದ ಅಧಿಕಾರಿಯೋ, ಪಂದ್ಯದ ನಿಯಮಗಳನ್ನು ಬರೆಯುವ ಸಮಿತಿಯೋ, ಹೊಗೆಯನ್ನು ತೂಗುವ ಸರಕಾರವೋ ಅಳತೆಗೋಲು ಹಿಡಿದು ನಿಂತಿರುವುದು ಕಾಣುತ್ತದೆ.

ಇದನ್ನು ಬಿಡಿಸಿ ಹೇಳಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಹದಿನಾಲ್ಕೂವರೆ ಗ್ರಾಮಿಗೂ ತುಸು ಹೆಚ್ಚು ಗಾಳಿ ಬೇಕು. ಪೆಟ್ರೋಲನ್ನು ಸಿಲಿಂಡರಿಗೆ ಎಷ್ಟು ಬೇಕಾದರೂ ಸುರಿಯಬಹುದು. ಅದಕ್ಕೆ ಸಾಟಿಯಾದ ಗಾಳಿಯನ್ನು ಒಳಕ್ಕೆ ತರುವುದೇ ಕಷ್ಟ. ನಾವು ‘ಸಿಸಿ’ ಎಂದು ಕರೆಯುವ ಅಳತೆಯಾದರೋ ಪಿಸ್ಟನ್ನು ಮೇಲಿಂದ ಕೆಳಕ್ಕೆ ಇಳಿದಾಗ ತೆರವಾಗುವ ಜಾಗದ ವಿಸ್ತಾರವನ್ನು ತಿಳಿಸುತ್ತದೆಯೇ ಹೊರತು ಆ ಜಾಗಕ್ಕೆ ಎಷ್ಟು ತೂಕದ ಗಾಳಿ ಹೊಕ್ಕಿತೆಂಬುದನ್ನು ತಿಳಿಸದು. ಕಮ್ಮಾರನು ಒಲೆಯನ್ನು ಹಿಗ್ಗಿಸದೆಯೇ ತಿದಿಯನ್ನೊತ್ತಿ ಕಬ್ಬಿಣವನ್ನು ಕರಗಿಸುವಷ್ಟು ಉರಿಯನ್ನು ಎಬ್ಬಿಸುವಂತೆ, ಟರ್ಬೊ ಸಹ ಸಿಲಿಂಡರಿನ ಗಾತ್ರವನ್ನು ಮುಟ್ಟದೆಯೇ ಅದರೊಳಗಿನ ಗಾಳಿಯ ತೂಕವನ್ನು ಹೆಚ್ಚಿಸುತ್ತದೆ. ಗಾತ್ರ ದಾಖಲೆಯಲ್ಲಿ ಬರುತ್ತದೆ; ಗಾಳಿ ಬಾರದು. ದಾಖಲೆಯ ಮೇಲೆ ತೆರಿಗೆ ಹಾಕುವ ಲೋಕದಲ್ಲಿ ಇಂಥ ಗಾಳಿಗೆ ಎಷ್ಟು ಬೆಲೆ ಬಂದೀತೆಂಬುದನ್ನು ಬ್ಯೂಖಿ ಊಹಿಸಿದ್ದಿರಲಾರನು.

ಆತನ ಲಕ್ಷ್ಯವೆಲ್ಲ ದೊಡ್ಡ ಡೀಸೆಲ್ ಯಂತ್ರಗಳ ಮೇಲಿತ್ತು. ವಿಂಟರ್ಟೂರಿನ ಜುಲ್ಸರ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿದ ಬಳಿಕ, ಜರ್ಮನಿಯಿಂದ ಬಾಲ್ಟಿಕ್ ಸಮುದ್ರದ ಮೂಲಕ ಪೂರ್ವ ಪ್ರಷ್ಯಕ್ಕೆ ಸಂಚರಿಸುತ್ತಿದ್ದ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬೆರಡು ಪ್ರಯಾಣಿಕರ ಹಡಗುಗಳಲ್ಲಿ 1926ರ ಹೊತ್ತಿಗೆ ಅವನ ವಿಧಾನ ಕಾರ್ಯರೂಪಕ್ಕೆ ಬಂದಿತು. ಹತ್ತು ಸಿಲಿಂಡರಿನ ಆ ಡೀಸೆಲ್ ಯಂತ್ರಗಳ ಬಲ 1750 ಅಶ್ವಶಕ್ತಿಯಿಂದ 2500ಕ್ಕೆ ಏರಿತು. ಅಲ್ಲಿಂದಾಚೆಗೆ ಹಡಗು, ರೈಲು, ವಿದ್ಯುದಾಗಾರಗಳ ಡೀಸೆಲ್ ಯಂತ್ರಗಳು ಈ ಸಾಧನವನ್ನು ಸದ್ದಿಲ್ಲದೆ ಅಂಗೀಕರಿಸಿದುವು. 1959ರಲ್ಲಿ ಬ್ಯೂಖಿ ತೀರಿಕೊಂಡಾಗ ಅವನ ಕಲ್ಪನೆ ಸಮುದ್ರವನ್ನೆಲ್ಲ ಆಳುತ್ತಿತ್ತು; ಸಾಮಾನ್ಯನ ಕಾರಿನಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

ಆಕಾಶದ ಕಥೆ ಇನ್ನೂ ಸ್ವಾರಸ್ಯವಾದುದು. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯನ್ನು ಉಸಿರಾಡುವ ಎಂಜಿನು ಬಳಲುತ್ತದೆ. ಒಂದನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು, ಏಕೆಂದರೆ ಹೆಚ್ಚು ಎತ್ತರದಲ್ಲಿದ್ದವನಿಗೇ ಅಲ್ಲಿ ಮೇಲುಗೈ. ಫ್ರಾನ್ಸಿನಲ್ಲಿ ಆಗುಸ್ತ್ ರಾಟೋ ಎಂಬ ವಿದ್ವಾಂಸನೂ, ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರನೂ ದಗ್ಧಾನಿಲದ ಟರ್ಬೈನಿನಿಂದ ಇದಕ್ಕೆ ಪರಿಹಾರ ಹುಡುಕಹೊರಟರು. ಮಾಸ್‌ಗೆ ತನ್ನ ಯಂತ್ರವನ್ನು ಪರೀಕ್ಷಿಸಲು ತೆಳುಗಾಳಿ ಬೇಕಾಗಿತ್ತು. ವಿಮಾನದಲ್ಲಿ ಹಾರುತ್ತ ಅಳತೆ ಮಾಡುವುದು ಆಗಿನ ಕಾಲಕ್ಕೆ ಆಗದ ಮಾತು. ಆದಕಾರಣ ಆತನು 1918ರಲ್ಲಿ ಹನ್ನೆರಡು ಸಿಲಿಂಡರಿನ ಲಿಬರ್ಟಿ ವಿಮಾನ ಎಂಜಿನೊಂದನ್ನು ಲಾರಿಯ ಮೇಲೆ ಹೇರಿಸಿ, ಕಾಲರಾಡೊ ಪ್ರಾಂತದ ಪೈಕ್ಸ್ ಪೀಕ್ ಎಂಬ ಪರ್ವತದ, 14,000 ಅಡಿಗೂ ಮಿಕ್ಕ ಎತ್ತರದ ಶಿಖರಕ್ಕೆ ಸಾಗಿಸಿದನು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯನ್ನು ನೀಡುತ್ತಿದ್ದ ಆ ಎಂಜಿನು ಶಿಖರದ ಗಾಳಿಯಲ್ಲಿ ಸುಮಾರು 230ಕ್ಕೆ ಕುಸಿಯಿತು. ಟರ್ಬೈನನ್ನು ಜೋಡಿಸಿದ ಮೇಲೆ ಅದೇ ಶಿಖರದಲ್ಲಿ 350ನ್ನು ದಾಟಿತು. ಪರ್ವತದ ಮೇಲೆ ನಿಂತ ಯಂತ್ರವು ತಾನು ಕಡಲತೀರದಲ್ಲಿಯೇ ಇರುವೆನೆಂದು ಭ್ರಮಿಸುವಂತೆ ಮಾಡಿದ ಈ ಪ್ರಯೋಗಕ್ಕಿಂತ ಅಚ್ಚುಕಟ್ಟಾದ ಪ್ರಮಾಣ ಯಂತ್ರಶಾಸ್ತ್ರದ ಚರಿತ್ರೆಯಲ್ಲಿ ಅಪರೂಪ. ಅಷ್ಟು ದೂರ ಹೋಗದೆ ನಮ್ಮಲ್ಲಿಯೇ ನೋಡಿದರೂ, 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನಲ್ಲಿರುವುದಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಶಿರಾಡಿ ಘಾಟಿಯನ್ನು ಏರುತ್ತ ಏರುತ್ತ ತನ್ನ ಬಲದ ಒಂದು ಸಣ್ಣ ಅಂಶವನ್ನು ದಾರಿಯಲ್ಲಿಯೇ ಬಿಟ್ಟುಬರುತ್ತದೆ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಭಾರಿ ಬಾಂಬರುಗಳಿಗೆಲ್ಲ ಈ ಯಂತ್ರ ಅನಿವಾರ್ಯವಾಯಿತು. ಬಿ-17, ಬಿ-24, ಬಿ-29 ಇವೆಲ್ಲ ಟರ್ಬೊ ಕಟ್ಟಿಕೊಂಡೇ ಮೋಡಗಳ ಮೇಲೆ ಹಾರಿದುವು. ಈ ಅಧ್ಯಾಯದಲ್ಲಿ ಬೆಂಗಳೂರಿಗೂ ಒಂದು ಪಾಲು ಸಲ್ಲುತ್ತದೆ. ಯುದ್ಧ ಮುಗಿದೊಡನೆ ಮಿತ್ರಸೇನೆಗಳವರು ಕಾನ್ಪುರದಲ್ಲಿ ಬಿ-24 ಲಿಬರೇಟರ್ ವಿಮಾನಗಳ ರಾಶಿಯನ್ನೇ ಬಿಟ್ಟುಹೋದರು. ಯಾರ ಉಪಯೋಗಕ್ಕೂ ಬಾರದಿರಲೆಂದು ಅವನ್ನು ಬೇಕೆಂದೇ ಕೆಡಿಸಿಟ್ಟಿದ್ದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಹಾಳಾದ ವಿಮಾನಗಳನ್ನು ಹಾರುವಷ್ಟು ಮಾತ್ರ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹಾಗೆ ತಂದವರು ಕಾರ್ಖಾನೆಯ ಪರೀಕ್ಷಾ ಚಾಲಕರಾದ ಜಿಮ್ಮಿ ಮುನ್ಷಿಯವರು. ಇಲ್ಲಿ ಪೂರ್ತಿಯಾಗಿ ಬಿಚ್ಚಿ ಕಟ್ಟಿದ ಲಿಬರೇಟರುಗಳು 1948ರ ಕೊನೆಯಿಂದ ಭಾರತೀಯ ವಾಯುಸೇನೆಗೆ ಸೇರಿ, 1968ರವರೆಗೆ ದುಡಿದುವು. ಕಾರಿನ ಟರ್ಬೊವನ್ನು ನಮ್ಮ ಜನ ಕಾಣುವ ಎಷ್ಟೋ ವರ್ಷಗಳ ಮೊದಲೇ ಬೆಂಗಳೂರಿನ ಕುಶಲ ಕೆಲಸಗಾರರ ಕೈಗಳಿಗೆ ಆಕಾಶದ ಟರ್ಬೊದ ಪರಿಚಯವಾಗಿತ್ತೆಂದು ಹೇಳಿದರೆ ತಪ್ಪಾಗದು.

ಹಡಗಿಗೂ ವಿಮಾನಕ್ಕೂ ಒದಗಿದ ಯಂತ್ರ ಕಾರಿಗೇಕೆ ಒದಗಲಿಲ್ಲ? ಹಡಗು ಬಂದರನ್ನು ಬಿಟ್ಟ ಮೇಲೆ ದಿನಗಟ್ಟಲೆ ಒಂದೇ ಗತಿಯಲ್ಲಿ ಸಾಗುತ್ತದೆ, ವಿಮಾನವೂ ಹೆಚ್ಚುಕಡಮೆ ಹಾಗೆಯೇ. ಕಾರಿನ ಬಾಳು ಅಂಥದಲ್ಲ. ಸಂತೆಬೀದಿಯಲ್ಲಿ ನಿಲ್ಲುತ್ತ, ಹೊರಡುತ್ತ, ಎತ್ತಿನಗಾಡಿಯ ಹಿಂದೆ ತೆವಳುತ್ತ, ಬಯಲು ಸಿಕ್ಕೊಡನೆ ಜಿಗಿಯುತ್ತ ಅದು ಬದುಕಬೇಕು. ಆಕ್ಸಿಲರೇಟರನ್ನು ಒತ್ತಿದ ಕ್ಷಣದಲ್ಲಿ ಹೊಗೆಯ ಪ್ರವಾಹ ಇನ್ನೂ ಕ್ಷೀಣವಾಗಿರುತ್ತದೆ. ಅದು ಬಲಗೊಂಡು ಟರ್ಬೈನಿಗೆ ವೇಗ ಬರುವಷ್ಟರಲ್ಲಿ ಚಾಲಕನು ಕಾಯಬೇಕು. ಇದನ್ನೇ ನಮ್ಮ ಚಾಲಕರು ‘ಪಿಕಪ್ ತಡ’ ಎಂದು ದೂರುವುದು. ಇನ್ನೊಂದು ಪೀಡೆ ಇದಕ್ಕಿಂತ ಘೋರವಾದುದು. ಒತ್ತಿದ ಗಾಳಿ ಬಿಸಿಯಾಗುತ್ತದೆ; ಬಿಸಿಯಾದ ಗಾಳಿಯೊಡನೆ ಬೆರೆತ ಪೆಟ್ರೋಲು ಕಿಡಿಯಿಂದ ಹೊರಟ ಜ್ವಾಲೆ ಬಂದು ಮುಟ್ಟುವವರೆಗೆ ಕಾಯದೆ ತಾನೇ ಸ್ಫೋಟಿಸಿ ಪಿಸ್ಟನ್ನಿನ ತಲೆಗೆ ಸುತ್ತಿಗೆಯ ಪೆಟ್ಟು ಕೊಡುತ್ತದೆ. ಮೆಕ್ಯಾನಿಕ್ಕುಗಳು ‘ಎಂಜಿನ್ ನಾಕ್ ಹೊಡೀತಿದೆ’ ಎನ್ನುವುದು ಇದೇ ಸದ್ದನ್ನು ಕೇಳಿ.

ಈ ಎರಡು ಪೀಡೆಗಳನ್ನೂ ಏಕಕಾಲದಲ್ಲಿ ಗೆಲ್ಲಲು ಹೊರಟ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಅಮೆರಿಕದ ಕಾರಿನ ಗತಿ ಏನಾಯಿತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸು ಬಾರದು. 1962ರಲ್ಲಿ ಹೊರಬಂದ ಈ ಕಾರೂ, ಅದೇ ಜನರಲ್ ಮೋಟಾರ್ಸ್ ಮನೆತನದ ಷೆವ್ರೊಲೆ ಕಾರ್ವೇರ್ ಸ್ಪೈಡರೂ ಪೇಟೆಗೆ ಬಂದ ಮೊಟ್ಟಮೊದಲ ಟರ್ಬೊ ಕಾರುಗಳು. ಜೆಟ್‌ಫೈರಿನ ನಿರ್ಮಾತೃಗಳು ಮೂರೂವರೆ ಲೀಟರಿನ ಅಲ್ಯುಮಿನಿಯಂ ಎಂಜಿನಿಗೆ ಟರ್ಬೊ ಜೋಡಿಸಿಯೂ ಅದರ ಸಂಪೀಡನ ಪ್ರಮಾಣವನ್ನು ತಗ್ಗಿಸಲು ಒಪ್ಪದೆ ಹತ್ತಕ್ಕಿಂತ ಮೇಲೆಯೇ ಇರಿಸಿದರು. ನಾಕಿಂಗ್ ತಪ್ಪಿಸುವುದಕ್ಕಾಗಿ ನೀರು ಮತ್ತು ಮೆಥನಾಲು ಬೆರೆಸಿದ ದ್ರವವನ್ನು ಗಾಳಿಯೊಡನೆ ಸಿಂಪಡಿಸುವ ಏರ್ಪಾಡು ಮಾಡಿ, ಆ ದ್ರವಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಆಡಂಬರದ ಹೆಸರಿಟ್ಟರು. ದ್ರವ ಮುಗಿದರೆ ಎಂಜಿನು ಹಾಳಾಗದಿರಲೆಂದು ಗಾಳಿಯ ಒತ್ತಡವನ್ನು ತಾನೇ ಕಡಿತಗೊಳಿಸುವ ಕವಾಟವೂ ಅದರಲ್ಲಿತ್ತು. ಯಂತ್ರದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದುದು ಮನುಷ್ಯಸ್ವಭಾವದ ಅಂದಾಜಿನಲ್ಲಿ. ಪೆಟ್ರೋಲು ತುಂಬಿಸುವುದನ್ನು ಮರೆಯದ ಒಡೆಯರು ಇನ್ನೊಂದು ಬಾಟಲಿಯನ್ನು ತುಂಬಿಸಲು ಮರೆತರು. ಕಾರಿನ ಬಲ ತಗ್ಗಿತು, ದೂರು ಹೆಚ್ಚಿತು; 1963ರಲ್ಲಿ ತಯಾರಿಕೆ ನಿಂತುಹೋಯಿತು. ಹತ್ತು ಸಾವಿರವನ್ನೂ ಮುಟ್ಟದ ಆ ಕಾರುಗಳಲ್ಲಿ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ, ಸಾಧಾರಣ ಕಾರ್ಬ್ಯುರೇಟರು ಹಾಕಿಕೊಟ್ಟದ್ದೂ ಆಯಿತು. ಪೆಟ್ರೋಲು ನೀರಿಗಿಂತ ಅಗ್ಗವಾಗಿದ್ದ ದೇಶದಲ್ಲಿ, ಬಲ ಬೇಕಾದವನಿಗೆ ಇನ್ನೂ ದೊಡ್ಡ ಎಂಜಿನು ಪಕ್ಕದ ಅಂಗಡಿಯಲ್ಲಿಯೇ ದೊರೆಯುತ್ತಿದ್ದಾಗ, ಸಣ್ಣ ಎಂಜಿನಿಗೆ ಇಷ್ಟೆಲ್ಲ ಉಪಚಾರ ಮಾಡುವ ಗರಜು ಯಾರಿಗಿತ್ತು?

ಗರಜನ್ನು ಸೃಷ್ಟಿಸಬಲ್ಲವರು ಅಳತೆಗೋಲಿನವರು. ಇದಕ್ಕೆ ಹಳೆಯ ದೃಷ್ಟಾಂತವೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿ 1910ರಿಂದ ಕಾರುಗಳ ಮೇಲಿನ ತೆರಿಗೆಯನ್ನು ಸಿಲಿಂಡರುಗಳ ಸಂಖ್ಯೆ ಮತ್ತು ಅವುಗಳ ವ್ಯಾಸ ಈ ಎರಡರಿಂದಲೇ ಲೆಕ್ಕ ಹಾಕುತ್ತಿದ್ದರು. ಪಿಸ್ಟನ್ನು ಎಷ್ಟು ದೂರ ಓಡುತ್ತದೆಂಬುದು ಆ ಸೂತ್ರದಲ್ಲಿರಲಿಲ್ಲ. ಪರಿಣಾಮವಾಗಿ ಆಂಗ್ಲ ಎಂಜಿನಿಯರುಗಳು ಒಂದು ತಲೆಮಾರಿನ ಕಾಲ ಕಿರಿದಾದ, ಉದ್ದನೆಯ ಸಿಲಿಂಡರುಗಳುಳ್ಳ ಎಂಜಿನುಗಳನ್ನೇ ಕಟ್ಟಿದರು. ಸುಂಕದವನ ಸೂತ್ರದಲ್ಲಿ ಯಾವುದನ್ನು ಬಿಟ್ಟಿದ್ದಾರೆಂದು ಹುಡುಕುವುದು ಎಂಜಿನಿಯರನ ಕೆಲಸದ ಒಂದು ಅಂಗವಾಗಿ ಅಂದಿನಿಂದಲೇ ನಡೆದುಬಂದಿದೆ.

ಸೂತ್ರ ಮುಂದೆ ಸಿಸಿಗೆ ತಿರುಗಿದಾಗ ಬಿಟ್ಟುಹೋದದ್ದು ಗಾಳಿ. ಫಾರ್ಮುಲಾ ಒನ್ ಪಂದ್ಯದ ನಿಯಮ 1966ರಿಂದ ಹೀಗಿತ್ತು: ಸಾಧಾರಣ ಎಂಜಿನಾದರೆ ಮೂರು ಲೀಟರು, ಒತ್ತಿದ ಗಾಳಿಯ ಎಂಜಿನಾದರೆ ಒಂದೂವರೆ ಲೀಟರು. ಅರ್ಧ ಗಾತ್ರದ ಶಿಕ್ಷೆಯನ್ನು ಹೊತ್ತು ಯಾರೂ ಬರಲಾರರೆಂದೇ ಎಲ್ಲರೂ ನಂಬಿದ್ದರು. 1977ರ ಜುಲೈ ತಿಂಗಳಲ್ಲಿ ಸಿಲ್ವರ್‌ಸ್ಟೋನಿನಲ್ಲಿ ರೆನೋ ಕಂಪನಿಯ ಹಳದಿಯ ಕಾರು ಒಂದೂವರೆ ಲೀಟರಿನ ಟರ್ಬೊ ಎಂಜಿನು ಹೊತ್ತು ಬಂದಿತು; ಬಂದು, ಕೆಟ್ಟು ನಿಂತಿತು. ಮೇಲಿಂದ ಮೇಲೆ ಬಿಳಿಯ ಹೊಗೆ ಕಾರುತ್ತ ನಿಲ್ಲುತ್ತಿದ್ದ ಆ ಕಾರಿಗೆ ಪ್ರತಿಸ್ಪರ್ಧಿಗಳು ಚಹದ ಕೆಟಲು ಎಂದು ಹೆಸರಿಟ್ಟು ನಕ್ಕರು. 1979ರಲ್ಲಿ ಫ್ರಾನ್ಸಿನ ದಿಜಾನ್‌ನಲ್ಲಿ ಜಾನ್ ಪಿಯೇರ್ ಜಾಬೂಯಿ ಅದೇ ಮನೆತನದ ಟರ್ಬೊ ಕಾರಿನಲ್ಲಿ ಗೆದ್ದಾಗ ನಗೆ ನಿಂತಿತು. 1983ರಲ್ಲಿ ನೆಲ್ಸನ್ ಪಿಕೆ ಬಿಎಂಡಬ್ಲ್ಯು ಕಂಪನಿಯ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನಿನಿಂದ ಜಗಜ್ಜೇತೃವಾದನು. ಟರ್ಬೊಗಳ ಅಬ್ಬರವನ್ನು ತಾಳಲಾರದೆ 1989ರಿಂದ ಅವನ್ನು ನಿಷೇಧಿಸಬೇಕಾಗಿ ಬಂದಿತು.

ಇಟಲಿಯಲ್ಲಿ ಎರಡು ಲೀಟರಿಗೆ ಮಿಕ್ಕ ಕಾರಿನ ಮೇಲೆ ಶೇಕಡಾ 38ರ ತೆರಿಗೆಯಿತ್ತು. ಸಿರಿವಂತರಿಗಾಗಿಯೇ ಕಾರು ಕಟ್ಟುವ ಫೆರಾರಿ 1982ರಲ್ಲಿ ಎರಡು ಲೀಟರಿಗೆ ಒಂದು ಕೂದಲೆಳೆ ಕಡಿಮೆಯ ಎಂಜಿನಿಗೆ ಟರ್ಬೊ ಜೋಡಿಸಿದ ಕಾರೊಂದನ್ನು ಸ್ವದೇಶದ ಗಿರಾಕಿಗಳಿಗೆಂದೇ ತಂದಿತು. ಮಾಸೆರಾತಿ ಅದಕ್ಕೂ ಮೊದಲೇ, 1996 ಸಿಸಿಯ ಎಂಜಿನಿಗೆ ಎರಡು ಟರ್ಬೊಗಳನ್ನು ಕಟ್ಟಿ, ಕಾರಿನ ಹೆಸರನ್ನೇ ಬೈಟರ್ಬೊ ಎಂದು ಇಟ್ಟಿತ್ತು. ಐಶ್ವರ್ಯವಂತನಿಗೂ ತೆರಿಗೆಯ ಮಾತು ಬಂದಾಗ ಕೈ ಬಿಗಿಯಾಗುವುದು ದೇಶಭೇದವಿಲ್ಲದ ಧರ್ಮವೆಂದು ತೋರುತ್ತದೆ. ಚೀನದಲ್ಲಿಯೂ ಸಿಸಿ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ತೆರಿಗೆಯುಂಟು, ಅಲ್ಲಿಯೂ ಪೆಟ್ರೋಲ್ ಕಾರುಗಳಲ್ಲಿ ಸಣ್ಣ ಟರ್ಬೊಗಳದೇ ರಾಜ್ಯ. ಜಪಾನಿನ ಸಂಗತಿ ನಮಗೆ ಹತ್ತಿರದ್ದು. ಅಲ್ಲಿ ‘ಕೆಯ್’ ಎಂಬ ಪುಟಾಣಿ ಕಾರುಗಳ ವರ್ಗಕ್ಕೆ ತೆರಿಗೆ ಮೊದಲಾದವುಗಳಲ್ಲಿ ರಿಯಾಯಿತಿ ಉಂಟು. ಅದಕ್ಕೆ 1976ರಿಂದ 550 ಸಿಸಿಯ, 1990ರಿಂದ 660 ಸಿಸಿಯ ಮಿತಿ. 1987ರಲ್ಲಿ ಸುಜುಕಿಯವರು ಆಲ್ಟೊ ವರ್ಕ್ಸ್ ಎಂಬ ಕಾರಿನ 550 ಸಿಸಿಯ ಒಳಗಣ ಎಂಜಿನಿಗೆ ಟರ್ಬೊ ಜೋಡಿಸಿ 64 ಅಶ್ವಶಕ್ತಿಯನ್ನು ಹೊರಡಿಸಿದರು. ನಮ್ಮ ಮನೆಮನೆಯ ಮಾರುತಿ 800 ಅದೇ ತಲೆಮಾರಿನ ಆಲ್ಟೊವಿನ ಒಡಹುಟ್ಟು. 796 ಸಿಸಿಯ ಎಂಜಿನಿದ್ದೂ ಆಗ ಅದರ ಬಲ ನಲವತ್ತು ಅಶ್ವಶಕ್ತಿಯನ್ನು ದಾಟಿರಲಿಲ್ಲ. ಚಿಕ್ಕಣ್ಣನಿಗೆ ದೊಡ್ಡಣ್ಣನ ಒಂದೂವರೆಪಟ್ಟು ಕಸುವು!

ಇಷ್ಟಾದರೂ ಇವೆಲ್ಲ ಬಲವನ್ನೇ ಬಯಸಿದ ಪ್ರಯತ್ನಗಳು. ಮಿತಕ್ಕಾಗಿ ಟರ್ಬೊವನ್ನು ನೆನೆದವರಲ್ಲಿ ನಾನು ಸ್ವೀಡನ್ನಿನ ಸಾಬ್ ಕಂಪನಿಯವರಿಗೆ ಅಗ್ರಸ್ಥಾನ ಕೊಡುತ್ತೇನೆ. 1973ರ ಶರತ್ಕಾಲದಲ್ಲಿ ಬಿಎಂಡಬ್ಲ್ಯು ತನ್ನ 2002 ಟರ್ಬೊವನ್ನು, ಮುಂದಿನ ಕಾರಿನವನು ಕನ್ನಡಿಯಲ್ಲಿ ಓದಿಕೊಂಡು ದಾರಿ ಬಿಡಲೆಂದು ಮೂತಿಯ ಮೇಲೆ ಹೆಸರನ್ನು ತಿರುವುಮುರುವಾಗಿ ಬರೆಸಿಕೊಂಡು, ಪ್ರದರ್ಶನಕ್ಕೆ ತಂದಿತ್ತು; ವಾರಗಳು ಕಳೆಯುವಷ್ಟರಲ್ಲಿ ಅರಬರು ತೈಲವನ್ನು ಬಿಗಿಹಿಡಿದರು, ಆ ಗರ್ವ ಯಾರಿಗೂ ರುಚಿಸಲಿಲ್ಲ, 1672 ಕಾರುಗಳಿಗೆ ಕಥೆ ಮುಗಿಯಿತು. ಸಾಬ್ ಕಂಪನಿಯದು ಬಡತನದಿಂದ ಹುಟ್ಟಿದ ವಿವೇಕ. ಆರೋ ಎಂಟೋ ಸಿಲಿಂಡರಿನ ಹೊಸ ಎಂಜಿನನ್ನು ಕಟ್ಟುವಷ್ಟು ಹಣ ಅದರ ಬೊಕ್ಕಸದಲ್ಲಿರಲಿಲ್ಲ. ಇದ್ದುದು ಎರಡು ಲೀಟರಿನ ಒಂದೇ ಒಂದು ಎಂಜಿನು. ಪೇರ್ ಯಿಲ್‌ಬ್ರಾಂಡ್ ಎಂಬ ಎಂಜಿನಿಯರನೂ ಅವನ ಸಂಗಡಿಗರೂ ಯೋಚಿಸಿದ ರೀತಿ ಹೀಗೆ: ಚಾಲಕನು ಕಾರಿನ ಪೂರ್ಣ ಬಲವನ್ನು ಕೇಳುವುದು ಅಪರೂಪಕ್ಕೆ, ಮುಂದಿನ ಲಾರಿಯನ್ನು ದಾಟುವಾಗಲೋ ಏರು ಹತ್ತುವಾಗಲೋ, ಉಳಿದ ಕಾಲವೆಲ್ಲ ಸಣ್ಣ ಎಂಜಿನೇ ಸಾಕು. ಆದುದರಿಂದ ದೊಡ್ಡ ಟರ್ಬೊವನ್ನಿಟ್ಟು ತುತ್ತತುದಿಯ ವೇಗಕ್ಕೆ ಆಸೆಪಡುವುದನ್ನು ಬಿಟ್ಟು, ಹಗುರಾದ ಪುಟ್ಟ ಟರ್ಬೈನನ್ನಿಟ್ಟು, ಅದು ನಡುವೇಗದಲ್ಲಿಯೇ ಎಚ್ಚರಗೊಳ್ಳುವಂತೆ ಮಾಡಿ, ಮಿತಿಮೀರಿದ ಹೊಗೆಯನ್ನು ಒಂದು ಕವಾಟದ ಮೂಲಕ ಪಕ್ಕಕ್ಕೆ ಬಿಟ್ಟುಕೊಟ್ಟರು. 1977ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿದ ಸಾಬ್ 99 ಟರ್ಬೊ 145 ಅಶ್ವಶಕ್ತಿಯ ಸೌಮ್ಯವಾದ ಕಾರು. ಮುಂದೆ 1980ರ ದಶಕದ ಆರಂಭದಲ್ಲಿ ಅವರು ಎಂಜಿನಿನ ಮೈಗೆ ಒಂದು ಸಂವೇದಕವನ್ನು ಅಂಟಿಸಿ, ನಾಕಿಂಗಿನ ಮೊದಲ ಸುಳಿವು ಸಿಕ್ಕೊಡನೆ ಗಾಳಿಯ ಒತ್ತಡ ತಾನಾಗಿ ತಗ್ಗುವ ವ್ಯವಸ್ಥೆಯನ್ನೂ ತಂದರು. ಜೆಟ್‌ಫೈರಿಗೆ ಬಾಟಲಿಯ ದ್ರವ ಮಾಡಬೇಕಾಗಿದ್ದ ಕೆಲಸವನ್ನು ಇಲ್ಲಿ ವಿದ್ಯುತ್ತಿನ ಕಿವಿಯೊಂದು ಮಾಡಿತು. ಇಂದಿನ ಸಣ್ಣ ಟರ್ಬೊ ಕಾರುಗಳ ತತ್ತ್ವವೆಲ್ಲ ಆ ಕಾರಿನಲ್ಲಿ ಅಡಕವಾಗಿತ್ತು. ಅದನ್ನು ಲೋಕವೆಲ್ಲ ಒಪ್ಪಬೇಕಾದರೆ ಇನ್ನೊಂದು ಅಳತೆಗೋಲು ಹುಟ್ಟಬೇಕಾಗಿತ್ತು.

ಅದು ಯೂರೋಪಿನಲ್ಲಿ ಹುಟ್ಟಿತು. ಕಾರು ಒಂದು ಕಿಲೋಮೀಟರು ಓಡಿದರೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡು ಬಿಡುತ್ತದೆಂಬುದು ಆ ಹೊಸ ಗೋಲು. 2008ರೊಳಗೆ ಸರಾಸರಿ 140 ಗ್ರಾಮಿಗೆ ಇಳಿಸುತ್ತೇವೆಂದು ಕಾರು ತಯಾರಕರು 1998ರಲ್ಲಿ ಸ್ವಇಚ್ಛೆಯಿಂದ ಮಾತು ಕೊಟ್ಟರು; ಆ ಮಾತು ಪೂರ್ತಿಯಾಗಿ ನಡೆಯದೆ ಹೋದಾಗ, 2015ರ ಹೊತ್ತಿಗೆ 130 ಗ್ರಾಂ ಆಗಲೇಬೇಕೆಂದು 2009ರಲ್ಲಿ ಕಾನೂನು ಬಂದಿತು. ಅಳೆಯುತ್ತಿದ್ದುದು ಪ್ರಯೋಗಶಾಲೆಯ ಉರುಳೆಗಳ ಮೇಲೆ: ಇಪ್ಪತ್ತು ನಿಮಿಷಕ್ಕೂ ಕಡಿಮೆಯ ಓಟ, ಹನ್ನೊಂದು ಕಿಲೋಮೀಟರು ದೂರ, ಗಂಟೆಗೆ ಸರಾಸರಿ 34 ಕಿಲೋಮೀಟರಿನ ನಿಧಾನಗತಿ. ಇಂಥ ಮೆಲ್ನಡಿಗೆಯಲ್ಲಿ ದೊಡ್ಡ ಎಂಜಿನು ಅರ್ಧ ಮುಚ್ಚಿದ ಬಾಗಿಲಿನಿಂದ ಗಾಳಿಯನ್ನು ಸೆಳೆಯುತ್ತ ಶ್ರಮವನ್ನು ವ್ಯರ್ಥಮಾಡುತ್ತದೆ. ಸಣ್ಣ ಎಂಜಿನಿಗೆ ಆ ಶ್ರಮ ಕಡಿಮೆ, ತಿಕ್ಕಾಟವೂ ಕಡಿಮೆ. ಅಷ್ಟರಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ವಿದ್ಯೆ ಕೈಗೂಡಿತ್ತು. ಹಾಗೆ ಚಿಮ್ಮಿದ ಹನಿಗಳು ಆವಿಯಾಗುವಾಗ ಒಳಗಿನ ಗಾಳಿಯನ್ನು ತಂಪುಮಾಡಿ ನಾಕಿಂಗನ್ನು ದೂರವಿಡುತ್ತಿದ್ದುವು. 2005ರಲ್ಲಿ ಫೋಕ್ಸ್‌ವ್ಯಾಗನ್ 1.4 ಲೀಟರಿನಿಂದ 170 ಅಶ್ವಶಕ್ತಿಯನ್ನು ಹೊರಡಿಸಿತು. 2010ರಲ್ಲಿ ಫಿಯಟ್ ಎರಡೇ ಸಿಲಿಂಡರಿನ 875 ಸಿಸಿಯ ಎಂಜಿನನ್ನು ತಂದಿತು. 2012ರಲ್ಲಿ ಫೋರ್ಡ್ ಕಂಪನಿಯ ಒಂದು ಲೀಟರಿನ, ಮೂರು ಸಿಲಿಂಡರಿನ ಇಕೊಬೂಸ್ಟ್ ಬಂದಿತು.

ಈ ಕೊನೆಯ ಎಂಜಿನಿನ ಬ್ಲಾಕನ್ನು ಒಂದು ಎ4 ಕಾಗದದ ಹಾಳೆಯ ಮೇಲೆ ನಿಲ್ಲಿಸಬಹುದೆಂದು ಅದರ ಕರ್ತೃಗಳು ಹೆಮ್ಮೆಯಿಂದ ತೋರಿಸುತ್ತಿದ್ದರು. ಮೂರು ಸಿಲಿಂಡರಿನ ಎಂಜಿನು ಸ್ವಭಾವತಃ ನಡುಗುತ್ತದೆ. ಅದನ್ನು ತಡೆಯಲು ಸಾಧಾರಣವಾಗಿ ಇನ್ನೊಂದು ಅಚ್ಚುಕಂಬಿಯನ್ನು ಹೊಂದಿಸುವುದು ವಾಡಿಕೆ. ಇವರು ಅದರ ಭಾರವನ್ನು ಉಳಿಸಲು ಫ್ಲೈವೀಲನ್ನೂ ಮುಂದಿನ ಪುಲ್ಲಿಯನ್ನೂ ಬೇಕೆಂದೇ ಅಸಮತೋಲವಾಗಿ ಮಾಡಿ, ಒಂದು ನಡುಕಕ್ಕೆ ಇನ್ನೊಂದು ನಡುಕವನ್ನು ಎದುರುನಿಲ್ಲಿಸಿದರು. 125 ಅಶ್ವಶಕ್ತಿಯ ಈ ಪುಟ್ಟ ಯಂತ್ರ 2012ರಿಂದ ಸತತವಾಗಿ ಮೂರು ಸಲ ವರ್ಷದ ಶ್ರೇಷ್ಠ ಅಂತಾರಾಷ್ಟ್ರೀಯ ಎಂಜಿನೆಂಬ ಮನ್ನಣೆಯನ್ನು ಗಳಿಸಿ, ಮೊಂಡಿಯೊದಂಥ ದೊಡ್ಡ ಕಾರನ್ನೂ ಎಳೆಯತೊಡಗಿತು.

ಇಲ್ಲಿಯೇ ಪೇಚು ಆರಂಭವಾದದ್ದು. ಉರುಳೆಯ ಮೇಲೆ ಮಿತಾಹಾರಿಯಾಗಿದ್ದ ಎಂಜಿನು ಹೆದ್ದಾರಿಯಲ್ಲಿ ಪೂರ್ಣ ಬಲವನ್ನು ಕೇಳಿದೊಡನೆ ಹಸಿದವನಂತೆ ಪೆಟ್ರೋಲು ಕುಡಿಯಿತು. ಅದಕ್ಕೆ ಕಾರಣವೂ ಗುಟ್ಟೇನಲ್ಲ: ಭಾರ ಹೆಚ್ಚಿದಾಗ ಟರ್ಬೈನಿಗೆ ಬರುವ ಹೊಗೆ ವಿಪರೀತ ಬಿಸಿಯಾಗುತ್ತದೆ, ಅದನ್ನು ತಣಿಸಲು ಉರಿಯಲು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಚಿಮ್ಮಿಸಬೇಕಾಗುತ್ತದೆ. ಕಡಿಮೆ ವೇಗದಲ್ಲಿ ಹೆಚ್ಚು ಒತ್ತಡ ಬಿದ್ದಾಗ ಕಿಡಿಗೆ ಮೊದಲೇ ಭಯಂಕರವಾಗಿ ಸ್ಫೋಟಿಸುವ ಹೊಸ ಬಗೆಯ ನಾಕಿಂಗೂ ತಲೆದೋರಿ, ಅದನ್ನು ತಡೆಯುವ ಎಂಜಿನ್ ಆಯಿಲಿಗೆಂದೇ 2018ರಲ್ಲಿ ಪ್ರತ್ಯೇಕ ಗುಣಮಟ್ಟವನ್ನು ಗೊತ್ತುಪಡಿಸಬೇಕಾಯಿತು. ಜಪಾನಿನ ಮಾಜ್ದಾದವರು ಈ ಓಟದಿಂದ ದೂರನಿಂತು, ಟರ್ಬೊವಿಲ್ಲದೆಯೇ ಸಂಪೀಡನವನ್ನು ಹದಿನಾಲ್ಕಕ್ಕೆ ಏರಿಸಿದ ಎಂಜಿನನ್ನು ಆಗಲೇ ಕಟ್ಟಿದ್ದರು. ಅವರ ಹಟವನ್ನು ಕಂಡು ನಕ್ಕವರು ಬಳಿಕ ಗಂಭೀರವಾದರು. 2017ರ ಸೆಪ್ಟೆಂಬರಿನಿಂದ ಯೂರೋಪಿನ ಪರೀಕ್ಷೆಯೇ ಬದಲಾಗಿ, ಓಟ ದೀರ್ಘವೂ ವೇಗವೂ ಆಯಿತು. ಅಳತೆಗೋಲು ಬದಲಾದದ್ದೇ ತಡ, ಎಂಜಿನುಗಳೂ ಬದಲಾದುವು: ಫೋಕ್ಸ್‌ವ್ಯಾಗನ್ನಿನ 1.4 ಲೀಟರಿನ ಟರ್ಬೊ ಹೋಗಿ 1.5 ಲೀಟರಿನದು ಬಂದಿತು. ಎಂಜಿನನ್ನು ಕಿರಿದುಗೊಳಿಸುವ ಮಾತನ್ನು ಬಿಟ್ಟು, ತಕ್ಕ ಗಾತ್ರದ ಮಾತನ್ನು ತಯಾರಕರು ಆಡತೊಡಗಿದರು.

ನಮ್ಮ ದೇಶದಲ್ಲಿ ಈ ಚರಿತ್ರೆಗೆ ತೀರ ಬೇರೆಯಾದ ಮುಹೂರ್ತವಿದೆ. 2006ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿ, ಸಣ್ಣ ಕಾರೆಂದರೆ ಏನೆಂಬುದಕ್ಕೆ ಲಕ್ಷಣ ಹೇಳಲಾಯಿತು: ಉದ್ದ 4000 ಮಿಲಿಮೀಟರಿಗೆ ಮೀರಬಾರದು, ಪೆಟ್ರೋಲ್ ಎಂಜಿನಾದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಈ ಒಂದು ವಾಕ್ಯ ಭಾರತದ ಕಾರುಗಳ ಆಕಾರವನ್ನೇ ತಿದ್ದಿತು. ಇದ್ದ ಕಾರುಗಳ ಬಾಲ ಕತ್ತರಿಸಲಾಯಿತು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್, 2012ರಲ್ಲಿ ಮಾರುತಿ ಡಿಜೈರ್ ನಾಲ್ಕು ಮೀಟರಿನೊಳಕ್ಕೆ ಮಡಿಸಿದ ಡಿಕ್ಕಿಯೊಡನೆ ಬಂದುವು. ಎಂಜಿನುಗಳ ಪೈಕಿ ಈ ಕಟ್ಟಳೆಗೆ ಮೊದಲು ಒಗ್ಗಿದ್ದು ಡೀಸೆಲ್. ಡೀಸೆಲಿಗೂ ಟರ್ಬೊಗೂ ಹುಟ್ಟುಸ್ನೇಹ. ಅಲ್ಲಿ ಬರಿಯ ಗಾಳಿಯನ್ನು ಸಂಪೀಡಿಸಿ ಆಮೇಲೆ ಇಂಧನವನ್ನು ಚಿಮ್ಮಿಸುವುದರಿಂದ ಪೆಟ್ರೋಲಿನ ನಾಕಿಂಗ್ ಭಯವಿಲ್ಲ. ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಟರ್ಬೊ ಡೀಸೆಲು ಸ್ವಿಫ್ಟ್, ಇಂಡಿಕಾ ವಿಸ್ಟಾ, ಪುಂಟೊ ಮೊದಲಾಗಿ ಅಷ್ಟೊಂದು ಕಾರುಗಳ ಹೊಟ್ಟೆ ಸೇರಿತೆಂದರೆ ಜನ ಅದನ್ನು ರಾಷ್ಟ್ರೀಯ ಎಂಜಿನೆಂದೇ ಹಾಸ್ಯಮಾಡಿದರು. ಇಂಥ ಎಂಜಿನಿಗೆ ಇಂಧನವನ್ನು ಅಪಾರ ಒತ್ತಡದಲ್ಲಿ ಚಿಮ್ಮಿಸುವ ವಿದ್ಯೆಯೂ ಬೆಂಗಳೂರಿಗೆ ಹೊಸತಲ್ಲ. ಆಡುಗೋಡಿಯ ಮೈಕೊ ಕಾರ್ಖಾನೆ ಅರ್ಧ ಶತಮಾನದ ಮೊದಲಿನಿಂದ ಡೀಸೆಲ್ ಪಂಪುಗಳಿಗೆ ಹೆಸರಾಗಿತ್ತು.

ಪೆಟ್ರೋಲ್ ಟರ್ಬೊ 2013ರಲ್ಲಿ ಫೋರ್ಡ್ ಇಕೊಸ್ಪೋರ್ಟ್, ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಇವುಗಳೊಡನೆ ಗಂಭೀರವಾಗಿ ಕಾಲಿರಿಸಿತಾದರೂ ಅದಕ್ಕೆ ದಿನ ಬಂದದ್ದು 2020ರ ಏಪ್ರಿಲಿನಲ್ಲಿ, ಬಿಎಸ್ 6 ಎಂಬ ಹೊಗೆಯ ನಿಯಮದಿಂದ. ಸಣ್ಣ ಡೀಸೆಲಿನ ಹೊಗೆಯನ್ನು ಶುದ್ಧಿಮಾಡುವ ಖರ್ಚು ಕಾರಿನ ಬೆಲೆಯನ್ನೇ ಮುಕ್ಕತೊಡಗಿದಾಗ ಮಾರುತಿಯವರು ಡೀಸೆಲನ್ನು ಕೈಬಿಟ್ಟರು. ತೆರವಾದ ಗದ್ದುಗೆಗೆ ಒಂದು ಲೀಟರಿನ ಟರ್ಬೊಗಳು ಏರಿದುವು. ಒಂದು ಕಾಲಕ್ಕೆ 1489 ಸಿಸಿಯ ಅಂಬಾಸಡರು ಐವತ್ತರ ಆಸುಪಾಸಿನ ಅಶ್ವಶಕ್ತಿಯಿಂದ ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತುದನ್ನು ಕಂಡವರಿಗೆ, 998 ಸಿಸಿಯ ಹ್ಯುಂಡೈ ವೆನ್ಯೂ 120 ಅಶ್ವಶಕ್ತಿಯನ್ನು ತೋರಿಸುವುದು ಇಂದ್ರಜಾಲದಂತೆ ಕಂಡರೆ ಆಶ್ಚರ್ಯವಿಲ್ಲ.

ಇಂದ್ರಜಾಲಕ್ಕೂ ಪಥ್ಯವುಂಟು. ಟರ್ಬೊವಿನ ಅಚ್ಚು ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳವರೆಗೂ ತಿರುಗುವಂಥದು; ಒಂದು ಕಡೆಯ ಚಕ್ರ ಕೆಂಪಗೆ ಕಾದಿರುತ್ತದೆ, ಒಂದು ಗೇಣೂ ದೂರವಿಲ್ಲದ ಇನ್ನೊಂದು ಕಡೆಯ ಚಕ್ರ ಹೊರಗಿನ ಗಾಳಿಯನ್ನು ಸೆಳೆಯುತ್ತಿರುತ್ತದೆ, ನಡುವಣ ಅಚ್ಚನ್ನು ಲೋಹಕ್ಕೆ ಲೋಹ ತಾಗದಂತೆ ತೇಲಿಸುವುದು ಎಣ್ಣೆಯ ತೆಳುಪೊರೆಯೊಂದೇ. ಎಂಜಿನು ನಿಂತರೆ ಎಣ್ಣೆಯ ಹರಿವು ನಿಲ್ಲುತ್ತದೆ. ಕಾದ ಜಾಗದಲ್ಲಿ ಉಳಿದ ಎಣ್ಣೆ ಕರಕಲಾಗುತ್ತದೆ. “ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡಬೇಡಿ ಸ್ವಾಮಿ, ಒಂದರ್ಧ ನಿಮಿಷ ಹಾಗೇ ಐಡಲ್‌ನಲ್ಲಿ ಬಿಡಿ” ಎಂದು ಸಕಲೇಶಪುರದ ಕಡೆಯ ಗ್ಯಾರೇಜುಗಳವರು ಹೇಳುವ ಬುದ್ಧಿಮಾತಿನಲ್ಲಿ ಇಷ್ಟು ಶಾಸ್ತ್ರವಡಗಿದೆ. ನೀರಿನಿಂದ ತಂಪಾಗುವ ಇಂದಿನ ಟರ್ಬೊಗಳಿಗೆ ಈ ಪಥ್ಯ ಅಷ್ಟು ಕಟ್ಟುನಿಟ್ಟಾಗಿ ಬೇಕಿಲ್ಲವಾದರೂ, ಸಾವಿರಾರು ರೂಪಾಯಿಯ ಬಿಲ್ಲನ್ನು ಒಮ್ಮೆ ಕಂಡ ಚಾಲಕನು ಅದನ್ನು ಬಿಡಲೊಲ್ಲನು. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸದವನಿಗೆ ಹಳೆಯ ಎಂಜಿನು ತೋರುತ್ತಿದ್ದ ಕ್ಷಮೆಯನ್ನು ಹೊಸತು ತೋರದು. ಈ ವಿಷಯದಲ್ಲಿ ನನ್ನ ಒಲವು ಹಳೆಯದರ ಕಡೆಗೇ ಎಂದು ಹೇಳಲು ಸಂಕೋಚವಿಲ್ಲ.

2006ರ ಆ ಲಕ್ಷಣವಾಕ್ಯ ಮಾತ್ರ ಅಳಿಯಲಿಲ್ಲ. ಅಬಕಾರಿ ಸುಂಕ ಹೋಗಿ 2017ರಲ್ಲಿ ಜಿಎಸ್‌ಟಿ ಬಂದಾಗಲೂ ಅವೇ 4000, 1200, 1500ರ ಗೆರೆಗಳು ಉಳಿದುವು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಕಾರುಗಳಿಗೆ ಶೇಕಡಾ 18, ಹೊರಗಿನವುಗಳಿಗೆ ಶೇಕಡಾ 40 ಎಂದು ನಿಗದಿಯಾದ ಮೇಲೆ ಆ ಗೆರೆಗಳ ಬೆಲೆ ಮತ್ತಷ್ಟು ಏರಿದೆ. ಶೋರೂಮಿನಲ್ಲಿ ದೊರೆಯುವ ಬಣ್ಣಬಣ್ಣದ ಚೀಟಿಗಳನ್ನು ಒಂದರ ಪಕ್ಕದಲ್ಲೊಂದು ಹರಡಿ ನೋಡಿದರೆ, ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಕಾರುಗಳ ಉದ್ದ ಮತ್ತೆ ಮತ್ತೆ 3995 ಮಿಲಿಮೀಟರೆಂದೂ, ಪೆಟ್ರೋಲ್ ಎಂಜಿನುಗಳು 998, 1197, 1199 ಸಿಸಿಯೆಂದೂ, ಡೀಸೆಲುಗಳು 1493, 1497 ಸಿಸಿಯೆಂದೂ ಅಚ್ಚಾಗಿರುವುದು ಕಾಣುತ್ತದೆ; ಟರ್ಬೊ ಸಿಲಿಂಡರಿಗೆ ಎಷ್ಟು ಗಾಳಿ ತುಂಬುತ್ತದೆಂಬ ಅಂಕಿ ಅವುಗಳಲ್ಲಿ ಹುಡುಕಿದರೂ ಸಿಕ್ಕದು.